ತೊಟ್ಟೆ ಗಿಡದ ಕುಲ

ಪಣಂಬೂರು, ಏಪ್ರಿಲ್ 21, 2024

ಬಾವಿ ನೀರು ಉಪ್ಪಾಗಿದೆ. ಸಮುದ್ರ ಇಷ್ಟು ಹತ್ತಿರ ಇರುವಾಗ ಬೇಸಿಗೆಯಲ್ಲಿ ಇದು ಹೊಸತಲ್ಲ, ಈ ಸಲ ಮಾತ್ರ ಬೇಗ. ದಾಸವಾಳ, ಕ್ರೋಟನ್ ಹೇಗೋ ತಡೆದುಕೊಂಡಿವೆ. ಕಾಳುಮೆಣಸಿನ ಬಳ್ಳಿಗಳ ಎಲೆಯಂಚು ಸುಟ್ಟ ಹಾಗೆ ಕಂದಾಗಿದೆ. ಟ್ಯಾಂಕರ್ ನೀರು ತರಿಸಿದೆ. ನಮ್ಮ ನರ್ಸರಿಯ ನೆಲವೆಲ್ಲ ಹೊಯಿಗೆ, ಹಾಗಾಗಿ ಗಿಡದ ಪ್ಲಾಸ್ಟಿಕ್ ತೊಟ್ಟೆ ತುಂಬಿಸುವ ಕೆಂಪು ಮಣ್ಣೂ ಲೋಡಿನ ಲೆಕ್ಕದಲ್ಲಿ ಬರಬೇಕು. ಅಪ್ಪನ ಕಾಲದ ಸುಡುಮಣ್ಣು ಈಗೆಲ್ಲಿ? ನೀರು, ಮಣ್ಣು, ಕೂಲಿ ಕೂಡಿಸಿದರೆ ಗಿಡದ ಕ್ರಯ ಹೇಳುವಾಗ ನನಗೇ ಸಂಕೋಚ.

ಮೇ 10

ಮುಂಜಾನೆ ಐದೂವರೆಗೆ ಲಾರಿ ಬಂತು. ಗಡಿಯಾಚೆಯ ನರ್ಸರಿಯೊಂದರಿಂದ ಮುನ್ನೂರು ತೆಂಗಿನ ಸಸಿ. ಟಾರ್ಪಾಲು ಬಿಚ್ಚಿ ಮೊದಲು ಕೈಗೆ ಸಿಕ್ಕಿದ ಸಸಿಯ ಎಲೆ ಮಗುಚಿದೆ. ಅಡಿಯಲ್ಲಿ ಬೆರಳಚ್ಚಿನ ಸುಳಿಯಂಥ ಬಿಳಿ ಮೇಣದ ಸುರುಳಿಗಳು. ಊದಿದಾಗ ಹಿಟ್ಟು ಹಾರಿದಂತೆ ನೊಣಗಳು ಎದ್ದವು. ಕೆಳಗಿನ ಎಲೆಗಳ ಮೇಲೆ ಕಪ್ಪು ಮಸಿ. ಹತ್ತು ಸಸಿ ನೋಡಿದೆ, ಏಳರಲ್ಲಿ ಇತ್ತು.

“ನೀರು ಹೊಡೆದರೆ ಹೋಗ್ತದೆ. ಈಗ ಎಲ್ಲ ಕಡೆ ಉಂಟಲ್ಲ ಮಾರಾಯ್ರೆ” ಎಂದ ಚಾಲಕ.

ಎಲ್ಲ ಕಡೆ ಹೇಗೆ ಬಂತು? ಈ ಸುರುಳಿ ಬಿಳಿನೊಣ ಅಮೆರಿಕದ ಕಡೆಯದು. ನಮ್ಮ ದೇಶದಲ್ಲಿ ಕಾಣಿಸಿಕೊಂಡದ್ದು 2016ರಲ್ಲಿ, ಪೊಳ್ಳಾಚಿಯ ತೆಂಗಿನ ತೋಟಗಳ ಕಡೆ. ಊರಿಂದೂರಿಗೆ ಅದನ್ನು ದಾಟಿಸಿದ್ದರಲ್ಲಿ ನಮ್ಮಂಥವರ ಸಸಿಗಳ ಪಾಲು ದೊಡ್ಡದು. ವಿಷ ಹೊಡೆಯಬೇಡಿ, ನೊಣವನ್ನು ಹತೋಟಿಗೆ ತರುವ ಎನ್‌ಕಾರ್ಸಿಯಾ ಕಣಜವೂ ಅದರೊಂದಿಗೆ ಸಾಯುತ್ತದೆ ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುತ್ತಾ ಬಂದಿದ್ದಾರೆ. ನೊಣ ಹತ್ತಿದ ಸಸಿ ಸಾಗಿಸಬೇಡಿ ಎಂದೂ ಹೇಳಿದ್ದಾರೆ. ಲಾರಿ ವಾಪಸು ಕಳಿಸಿದೆ. ಮುಂಗಡ ಹೋಯಿತು.

ಇಲ್ಲಿಂದ ನೋಡಿದರೆ ನವಮಂಗಳೂರು ಬಂದರಿನ ಕ್ರೇನುಗಳು ಕಾಣುತ್ತವೆ. ಹಡಗಿನಲ್ಲಿ ಬರುವ ಮರದ ದಿಮ್ಮಿಯನ್ನು, ಆಫ್ರಿಕದ ಹಸಿ ಗೇರುಬೀಜವನ್ನು ನೋಡಲು ಪಣಂಬೂರಿನಲ್ಲೇ ಸಸ್ಯ ಸಂಗರೋಧ ಕೇಂದ್ರವಿದೆ. ಅದಕ್ಕೆ 1914ರ ಕಾಯ್ದೆಯ, 2003ರ ಆದೇಶದ ಬಲವಿದೆ. ಹೆದ್ದಾರಿ 66ರಲ್ಲಿ ಬರುವ ಸಸಿಗೆ? ಇವತ್ತು ನನ್ನ ಅಂಗಳದವರೆಗೆ ಯಾರೂ ಆ ಟಾರ್ಪಾಲು ಎತ್ತಿರಲಿಲ್ಲ. ನಾನೂ ಎತ್ತದಿದ್ದರೆ ಸಂಜೆಯೊಳಗೆ ಆ ಸಸಿಗಳು ಮೂವತ್ತು ಮನೆ ಸೇರುತ್ತಿದ್ದವು. ರಾತ್ರಿ ಊಟ ಸೇರಲಿಲ್ಲ.

ಮೇ 24

ಪತ್ತನಾಜೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ ನಮಗೆ ಬಿಡುವಿಲ್ಲದ ದಿನಗಳ ಆರಂಭ. ಮಲ್ಲಿಗೆ, ಕಸಿ ಮಾವು, ಗೇರು ಕೇಳಿಕೊಂಡು ಬಂದರು.

ಜೂನ್ 14

ಬೆಳ್ತಂಗಡಿ ಕಡೆಯ ಹಳೆ ಗಿರಾಕಿ ಮಳೆಯಲ್ಲೇ ಬಂದರು. ಮರ ಹತ್ತುವವರು ಸಿಗುವುದಿಲ್ಲ, ನಾನೂರು ಗಿಡ್ಡ ಅಡಿಕೆ ಸಸಿ ಬೇಕಂತೆ. ಮೊಬೈಲಿನಲ್ಲಿ ವೀಡಿಯೋ ತೋರಿಸಿದರು. ನೆತ್ತಿ ಮಟ್ಟದಲ್ಲೇ ಗೊನೆ.

ಆ ತಳಿ ಇರುವುದು ನಿಜ. ಹಿರೇಹಳ್ಳಿಯ ಗಿಡ್ಡ ಅಡಿಕೆಗೆ ಸುಮಂಗಳ, ಮೋಹಿತ್‌ನಗರ ತಳಿಗಳನ್ನು ಕೂಡಿಸಿ ಸಿಪಿಸಿಆರ್‌ಐಯ ವಿಟ್ಲದ ಕೇಂದ್ರ ಎರಡು ಮಿಶ್ರತಳಿ ಮಾಡಿದೆ. ಆದರೆ ಗಿಡ್ಡ ಮರದ ಹೆಣ್ಣು ಹೂವಿಗೆ ಇನ್ನೊಂದರ ಪರಾಗವನ್ನು ಕೈಯಾರೆ ಮುಟ್ಟಿಸಬೇಕು. ಹಾಗಾಗಿ ಸಸಿ ಬಹಳ ಇರುವುದಿಲ್ಲ. ಆ ಮಿಶ್ರತಳಿ ಮರದ ಅಡಿಕೆಯನ್ನೇ ಹೆಕ್ಕಿ ಮೊಳಕೆ ಬರಿಸಿದರೆ ಕೆಲವು ಗಿಡ್ಡ, ಕೆಲವು ಉದ್ದ. ತೊಟ್ಟೆಯಲ್ಲಿ ಐದೆಲೆ ಬಿಟ್ಟು ನಿಂತಾಗ ಯಾರಿಗೂ ಗೊತ್ತಾಗದು. ಗೊತ್ತಾಗುವಾಗ ಐದಾರು ವರ್ಷದ ಗೊಬ್ಬರ, ನೀರು, ಆಯಸ್ಸು ಹೋಗಿರುತ್ತದೆ. ಮಾರಿದವನ ಹೆಸರೂ ಮರೆತಿರುತ್ತದೆ.

ನನ್ನಲ್ಲಿ ಇಲ್ಲ, ವಿಟ್ಲದಲ್ಲಿ ಹೆಸರು ಬರೆಸಿ ಕಾಯಿರಿ ಎಂದೆ. ಅವರ ಮುಖ ಸಣ್ಣದಾಯಿತು. ಕೊನೆಗೆ ತಾಯಿಮರ ಯಾವುದೆಂದು ನನಗೆ ಗೊತ್ತಿರುವ ಮಂಗಳ ತಳಿಯ ನೂರು ಸಸಿ ಒಯ್ದರು. 1972ರಲ್ಲಿ ಬಿಡುಗಡೆಯಾದ, ಚೀನಾ ಮೂಲದ ಹಳೆ ತಳಿ. ಮುನ್ನೂರು ಸಸಿಯ ವ್ಯಾಪಾರ ತಪ್ಪಿತು. ತಾಯಿಮರದ ಹೆಸರು, ಬೀಜ ಹಾಕಿದ ತಿಂಗಳು ಬರೆದ ಚೀಟಿ ಇಲ್ಲದೆ ಯಾವ ನರ್ಸರಿಯೂ ತೋಟದ ಗಿಡ ಮಾರಬಾರದು. ನಾನು ಇವತ್ತಿನಿಂದ ಬರೆದುಕೊಡುತ್ತೇನೆ.

ಆಗಸ್ಟ್ 4

ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಕಲ್ಲಿನಿಂದ ಕೆತ್ತಿ ತಂದ ಪಾಲೆ ಮರದ ಕೆತ್ತೆಯ ಕಷಾಯ ಕುಡಿದೆವು. ಬಾಯಿ ಈಗಲೂ ಕಹಿ.

ಹತ್ತು ಗಂಟೆಗೆ ಒಬ್ಬರು ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ನವಮಂಗಳೂರು ಬಂದರು ಆಗುವ ಮೊದಲು ಇವರ ಮನೆ ಹಿತ್ತಿಲಲ್ಲಿ ಪಾಲೆ ಮರ ಇತ್ತಂತೆ. ಮನೆ, ಮರ ಎರಡೂ ಹೋದವು. ಈಗ ಅಮಾವಾಸ್ಯೆ ಬಂದರೆ ಯಾರೋ ತಂದುಕೊಟ್ಟ ಕೆತ್ತೆ ಕುಡಿಯಲು ಹೆದರಿಕೆ. ಪಾಲೆ ಎಂದುಕೊಂಡು ಕಾಸರ್ಕನ ತೊಗಟೆ ಕುಡಿದು ಜೀವ ಕಳೆದುಕೊಂಡವರ ಸುದ್ದಿ ನಾವೆಲ್ಲ ಕೇಳಿದವರೇ.

ಒಂದು ಸಸಿ ಎತ್ತಿಕೊಟ್ಟೆ. ದುಡ್ಡು ಕೊಟ್ಟ ಮೇಲೂ ಅವರು ಹೊರಡಲಿಲ್ಲ.

“ಇದು ಪಾಲೆಯೇ ಅಲ್ವಾ ಮಗಾ?”

ಒಂದೇ ಗಂಟಿನಿಂದ ಸುತ್ತಲೂ ಹರಡಿದ ಏಳು ಎಲೆಗಳನ್ನು ಎಣಿಸಲು ಮೊಮ್ಮಗನಿಗೆ ಹೇಳಿದೆ. ಕಾಸರ್ಕನಿಗೆ ಎದುರುಬದುರು ಎರಡೇ ಎಲೆ, ಚಿವುಟಿದರೆ ಹಾಲು ಬಾರದು. ಒಂದೆಲೆ ಚಿವುಟಿ ಅವರ ಕಣ್ಣಿನ ಹತ್ತಿರ ಹಿಡಿದೆ. ತೊಟ್ಟಿನ ತುದಿಯಲ್ಲಿ ಬಿಳಿ ಹಾಲು ಉಬ್ಬಿ ನಿಂತಿತು. ಅಜ್ಜಿ ಅದನ್ನು ಬೆರಳಲ್ಲಿ ಒರೆಸಿಕೊಂಡು, ಸಸಿಯನ್ನು ಸೆರಗಿನ ಮರೆಯಲ್ಲಿ ಹಿಡಿದು ಮಳೆಗೆ ಇಳಿದರು.