ತಬಕಡಿಯ ಬಲ, ಹಾಡಿನ ಶ್ರುತಿ

ನಮ್ಮದು ಅಕ್ಕಲಕೋಟ ತಾಲ್ಲೂಕಿನ ಒಂದು ಜಿಲ್ಲಾ ಪರಿಷತ್ ಕನ್ನಡ ಶಾಲೆ. ಶಿಕ್ಷಕರು ನಾವು ಮೂವರು. ಸಂಗೀತ ಶಿಕ್ಷಕರಿಲ್ಲ. ಊರಿನ ಭಜನಾ ಮಂಡಳಿಯವರು ಕೊಟ್ಟ ಹಳೆಯ ರೆಕಾರ್ಡ್ ಪ್ಲೇಯರ್, ಅದರ ಜೊತೆ ಬಂದ ವಚನಗಾಯನದ ಎಲ್‌ಪಿಗಳು, ಇವೇ ನಮ್ಮ ಮಕ್ಕಳಿಗೆ ಸಂಗೀತದ ಗುರು. ಮರಾಠಿಯಲ್ಲಿ ಇದಕ್ಕೆ ತಬಕಡಿ ಎನ್ನುತ್ತಾರೆ. ನಮ್ಮ ಮಕ್ಕಳ ಬಾಯಲ್ಲೂ ಅದೇ ಹೆಸರು.

ಈ ಹಾಡುಗಳನ್ನು ಮೊಬೈಲಿಗೆ ಇಳಿಸಿ ಮಕ್ಕಳ ಮನೆಮನೆಗೆ ಕಳಿಸಬೇಕೆಂದು ಹೊರಟಾಗ ಒಂದು ತೊಡಕು ಎದುರಾಯಿತು. ಮಧ್ಯಾಹ್ನ ಕೇಳಿದ ಹಾಡನ್ನೇ ಸಂಜೆ ಹಾಕಿದರೆ ಶ್ರುತಿ ಇಳಿದಿರುತ್ತಿತ್ತು. ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುವ ಅಜ್ಜ, "ಇದು ಬಿಳಿ ಪಟ್ಟಿಯಾಗೂ ಇಲ್ಲ, ಕರಿ ಪಟ್ಟಿಯಾಗೂ ಇಲ್ಲ, ನಡು ಸಂದ್ಯಾಗ ಕುಂತೈತ್ರೀ ಸರ" ಅಂದರು. ಹಾಗೆಯೇ ಇಳಿಸಿಕೊಂಡರೆ ಮಕ್ಕಳ ಪಾಲಿಗೆ ಅದೇ ಮೂಲವಾಗಿ ಉಳಿಯುತ್ತದೆ. ತಿದ್ದಿ ಹೇಳುವ ಬೇರೆ ಗುರುಗಳು ಇಲ್ಲಿಲ್ಲ.

ಕಾರಣ ಮೋಟಾರಿನಲ್ಲಿತ್ತು. ಇಂಥ ಹಳೆಯ ಪ್ಲೇಯರಿನಲ್ಲಿ ಇರುವುದು ಸಣ್ಣ ಇಂಡಕ್ಷನ್ ಮೋಟಾರು. ಅದರ ತಿರುಗಿಸುವ ಬಲ, ಅಂದರೆ ಟಾರ್ಕ್, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 170 ಬಂದರೆ ಬಲ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಸಂಜೆ ಹೊಲದ ಪಂಪ್‌ಸೆಟ್ಟುಗಳು ಶುರುವಾದವೆಂದರೆ ನಮ್ಮ ಹಾಡು ತೂಕಡಿಸುತ್ತಿದ್ದುದು ಇದಕ್ಕೇ.

ವೇಗ ಅಳೆಯಲು ದೊಡ್ಡ ಯಂತ್ರ ಬೇಡ. ದುಂಡನೆಯ ಕಾಗದದ ಅಂಚಿಗೆ ಸಮದೂರದಲ್ಲಿ 180 ಗೆರೆ ಎಳೆದು ತಬಕಡಿಯ ಮೇಲಿಟ್ಟು, ಟೆಸ್ಟರಿನ ನಿಯಾನ್ ದೀಪದ ಬೆಳಕಿನಲ್ಲಿ ನೋಡಿದರಾಯಿತು. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ತಿರುಗುತ್ತಿದ್ದರೆ ಗೆರೆಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ಸೆಕೆಂಡಿಗೆ ಒಂದು ಗೆರೆ ಹಿಂದೆ ಸರಿದರೆ ವೇಗ ಶೇ. 1 ಕಡಿಮೆ. ನಮ್ಮದು ಸಂಜೆ ಮೂರು ಗೆರೆ ಸರಿಯುತ್ತಿತ್ತು. ಹಾರ್ಮೋನಿಯಂನ ಒಂದು ಪಟ್ಟಿಗೂ ಪಕ್ಕದ ಪಟ್ಟಿಗೂ ಸುಮಾರು ಶೇ. 6 ಅಂತರ. ಅಜ್ಜನ ಕಿವಿ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿ ಕೂತಿತು!

ಹಾಗಾದರೆ ಬಲ ಹೆಚ್ಚಿದಷ್ಟೂ ದನಿ ಚೆಂದವೇ? ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ ದೀಪಾವಳಿ ರಜೆಗೆ ಬರುವಾಗ ತನ್ನ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ7 ಹೊತ್ತು ತಂದ. 2019ರಲ್ಲಿ ಬಂದ ಮಾದರಿ. ಮೇಲಿನ ತಟ್ಟೆ ಎತ್ತಿದರೆ ಟಾರ್ಕ್ ಹೆಚ್ಚು ಕಡಿಮೆ ಮಾಡುವ ಪುಟ್ಟ ಸ್ವಿಚ್ಚುಗಳಿವೆ. "ಸರ್, ಕಡಿಮಿ ಇಟ್ರ ದನಿ ಮೆತ್ತಗ ಕೇಳತೈತಿ" ಎನ್ನುವುದು ಅವನ ವಾದ.

ನಾವು ಪರೀಕ್ಷೆಗೇ ಇಳಿದೆವು. ಅವನು ಪರದೆಯ ಹಿಂದೆ ಸ್ವಿಚ್ಚು ಬದಲಿಸುವುದು, ನಾವು ಮೂವರೂ ಅಜ್ಜನೂ ಕೇಳಿ ಚೀಟಿಯಲ್ಲಿ ಬರೆಯುವುದು. ಚೀಟಿ ಬಿಚ್ಚಿದರೆ ಒಬ್ಬರದು ಒಬ್ಬರಿಗೆ ತಾಳೆಯಿಲ್ಲ. ಎದ್ದು ಕಂಡ ವ್ಯತ್ಯಾಸ ಒಂದೇ: ಬಲ ಹೆಚ್ಚಿದ್ದಾಗ ತಟ್ಟೆ ಥಟ್ಟನೆ ವೇಗ ಹಿಡಿಯುತ್ತಿತ್ತು, ಕಡಿಮೆಯಿದ್ದಾಗ ನಿಧಾನವಾಗಿ.

ಲೆಕ್ಕವೂ ಅದನ್ನೇ ಹೇಳುತ್ತದೆ. ಸೂಜಿಯ ಭಾರ 2 ಗ್ರಾಂ ಇದ್ದರೆ ಅದು ತಬಕಡಿಯನ್ನು ಹಿಂದಕ್ಕೆ ಎಳೆಯುವುದು ಒಂದು ಗ್ರಾಂಗಿಂತ ಕಡಿಮೆ. ಅಂಚಿನಲ್ಲಿ ಅದನ್ನು ಮೀರಲು ಸುಮಾರು 10 ಗ್ರಾಂ-ಸೆಂ.ಮೀ. ಬಲ ಸಾಕು. ಈ ಯಂತ್ರ ಹೊರಡುವಾಗ ಕೊಡಬಲ್ಲದ್ದು 1,800. ಬೀಸುಕಲ್ಲನ್ನೇ ನೋಡಿ. ಮೊದಲ ಎಳೆತಕ್ಕೆ ರಟ್ಟೆಬಲ ಬೇಕು. ಆಮೇಲೆ ಬೇಕಾದದ್ದು ಒಂದೇ ಸಮನೆ ಆಡುವ ಕೈ. ಆ ಸಮನಾದ ಕೈ ಇಲ್ಲಿ ಕ್ವಾರ್ಟ್ಜ್ ಹರಳಿನ ಲೆಕ್ಕದಲ್ಲಿ ವೇಗ ಕಾಯುವ ಸರ್ಕ್ಯೂಟು. ಸಂಜೆ ಪಂಪ್‌ಸೆಟ್ಟು ಶುರುವಾದರೂ ಗೆರೆಗಳು ಕದಲಲಿಲ್ಲ. ಸೂಜಿಯ ಎಳೆತ ಮೀರುವಷ್ಟು ಬಲವಿಲ್ಲದಿದ್ದರೆ ಹಾಡು ಕೆಡುತ್ತದೆ, ನಿಜ. ಸಾಕಷ್ಟಿದ್ದ ಮೇಲೆ ಇನ್ನೂ ಹೆಚ್ಚಿಸಿದರೆ ಹಾಡಿಗೆ ಸಿಗುವುದು ಅಷ್ಟಕ್ಕಷ್ಟೇ.

ಒಂದು ತಬಕಡಿ ಮಾತ್ರ ಯಾವ ಸ್ವಿಚ್ಚಿಗೂ ಬಗ್ಗಲಿಲ್ಲ. ಅದರ ನಡುವಿನ ತೂತೇ ಒಂದು ಮಿಲಿಮೀಟರ್ ಆಚೆಗಿತ್ತು. ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ, ಸ್ವರ ಜೋಕಾಲಿಯಾಡುತ್ತಿತ್ತು. ತೂತನ್ನು ತುಸು ಕೊರೆದು ತಬಕಡಿಯನ್ನು ನಡುವಿಗೆ ತರುವವರುಂಟು. ಇರುವುದೊಂದೇ ಪ್ರತಿ, ನಮಗೆ ಧೈರ್ಯವಾಗಲಿಲ್ಲ. ಉಳಿದವನ್ನೆಲ್ಲ ರಜೆ ಮುಗಿಯುವುದರೊಳಗೆ ಇಳಿಸಿಕೊಂಡೆವು. ಈಗ ಮಕ್ಕಳ ದನಿಯೂ ಅಜ್ಜನ ಹಾರ್ಮೋನಿಯಮ್ಮೂ ಒಂದೇ ಪಟ್ಟಿಯಲ್ಲಿ ಕೂಡುತ್ತವೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ತಬಕಡಿಗಳಿದ್ದು, ಅವನ್ನು ಇಳಿಸಿಕೊಳ್ಳುವ ಮನಸ್ಸಿದ್ದರೆ ಮೊದಲು ಆ 180 ಗೆರೆ ನೋಡಿ. ಟಾರ್ಕಿನ ಚರ್ಚೆ ಆಮೇಲೆ ಮಾಡೋಣ.