ಕೊಟ್ಟೂರಿನಲ್ಲೊಂದು ಕೂಡುಮನೆ

ಹಿರಿಯರ ಮನೆ ಪಾಲಾಗಿ ಪರರ ಕೈಸೇರಿದ ಮೇಲೆ ಒಡಹುಟ್ಟಿದವರು ಪರಸ್ಪರ ಅತಿಥಿಗಳಾಗಿಬಿಡುತ್ತಾರೆ. ಹಬ್ಬಕ್ಕೆ ಕೂಡೋಣವೆಂದರೆ ಯಾರ ಮನೆಯಲ್ಲಿ ಎಂಬ ಪ್ರಶ್ನೆಯೇ ಮೊದಲು ಏಳುವುದು. ಬೆಂಗಳೂರು, ದಾವಣಗೆರೆ, ಹೊಸಪೇಟೆಗಳಲ್ಲಿ ನೆಲಸಿದ ನಾವು ನಾಲ್ವರು, ಮೂವರು ಅಣ್ಣತಮ್ಮಂದಿರೂ ಒಬ್ಬ ತಂಗಿಯೂ ಕೂಡಿ, ಹುಟ್ಟಿದ ಸೀಮೆಯಲ್ಲಿ ಚಿಕ್ಕದೊಂದು ಮನೆಯನ್ನು ಕೊಳ್ಳುವುದೆಂದು ನಿಶ್ಚಯಿಸಿ, ಐದು ಊರುಗಳನ್ನು ಸುತ್ತಿ ಬಂದೆವು.

ಕೂಡ್ಲಿಗಿಯು ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿದೆ. ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವು ಆ ಊರಿನ ಹೆಮ್ಮೆ. ಬೆಂಗಳೂರಿನಿಂದ ಬರುವವರಿಗೆ ಅದೇ ಸುಲಭ, ಆದರೆ ರೈಲಿಲ್ಲ. ಹಗರಿಬೊಮ್ಮನಹಳ್ಳಿಗೆ ರೈಲುಂಟು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಹಕ್ಕಿಗಳ ಕೆರೆಯೂ ಆ ತಾಲ್ಲೂಕಿನದೇ. ಹೂವಿನ ಹಡಗಲಿಯ ಮಲ್ಲಿಗೆಯ ಕಂಪಿಗೆ, ಮೈಲಾರದ ಕಾರಣಿಕದ ಸಂಭ್ರಮಕ್ಕೆ ಮನಸೋಲದವರಾರು? ಆದರೆ ಅದು ನಮಗೆ ಒಂದು ಅಂಚಿನಲ್ಲಿ ಬಿದ್ದಿತು. ಬಾಗಳಿಯ ಕಲ್ಲೇಶ್ವರ ದೇಗುಲವನ್ನೂ ಉಚ್ಚಂಗಿದುರ್ಗವನ್ನೂ ಒಡಲಲ್ಲಿಟ್ಟುಕೊಂಡಿರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಅಲ್ಲಿ ಮನೆ ಕೊಳ್ಳುವವರು ಹಳೆಯ ಪತ್ರಗಳ ಮೇಲೆ ಬೇರೆ ಬೇರೆ ಜಿಲ್ಲೆಯ ಹೆಸರುಗಳನ್ನು ಕಂಡು ಗಾಬರಿಯಾಗಬೇಕಾದುದಿಲ್ಲ.

ಕಡೆಗೆ ಕೊಟ್ಟೂರೇ ನಿಶ್ಚಯವಾಯಿತು. ಉಳಿದ ನಾಲ್ಕೂರುಗಳಿಗೆ ಅದು ನಡುವಿನದು. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯೂ ಅಲ್ಲಿಯೇ ಹಾಯುವುದು. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ದೂರದೂರುಗಳಿಂದ ಜನ ನಡೆದು ಬರುವಾಗ ಬಂಧುಗಳು ಕರೆಯದೆಯೇ ಕೂಡುವರು. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯ ಆಸೆಯೂ ನಮ್ಮನ್ನು ಎಳೆಯಲಿಲ್ಲವೆಂದರೆ ಸುಳ್ಳಾದೀತು.

ಕಂಡ ಮನೆ ದೊಡ್ಡದೇನಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆ, ಬೆಳಕಿಂಡಿಯುಳ್ಳ ನಡುಮನೆ, ಅಡಿಗೆಮನೆ, ಹಿತ್ತಲಲ್ಲೊಂದು ಬೇವಿನ ಮರ. ಬೇಸಗೆಯಲ್ಲಿ ಇಂತಹ ಮನೆ ತಣ್ಣಗಿರುವುದು. ಆದರೆ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಿ ಬಿಗಿಮಾಡದಿದ್ದರೆ ಸೋರುವುದು ತಪ್ಪದು. ಬೀಗ ಹಾಕಿದ ಮನೆಗೆ ಗೆದ್ದಲೇ ಒಡೆಯ.

ಬೆಲೆ ಕುದುರಿತು, ಕ್ರಯಪತ್ರ ಯಾರ ಹೆಸರಿಗೆ ಎಂಬಲ್ಲಿ ಮಾತು ತೊಡಕಿತು. "ನಾಲ್ಕು ಹೆಸರೇಕೆ? ಹಿರಿಯನ ಹೆಸರಿದ್ದರೆ ಸಾಲದೇ?" ಎಂದರು ದೊಡ್ಡಣ್ಣ. ತಾನು ಕೂಡಿಟ್ಟ ಹಣವನ್ನು ಕೊಟ್ಟಿದ್ದ ತಂಗಿ ಮೆಲ್ಲಗೆ, "ಅಣ್ಣಾ, ನೀನಿರುವ ತನಕ ನನಗೆ ಪತ್ರವೇ ಬೇಡ. ನಮ್ಮ ಮಕ್ಕಳ ಕಾಲಕ್ಕೆ ಬೇಕು" ಎಂದಳು. ಕೆಲಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಣ್ಣನೇ ನಾಲ್ಕು ಹೆಸರುಗಳನ್ನು ಬರೆಯಿಸಿದರು.

ತಂಗಿಯ ಮಾತು ನ್ಯಾಯವಾದುದು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ದೊರೆತಿರುವುದು ದಿಟ. ಆದರೆ ಹೊಸದಾಗಿ ಕೊಂಡ ಮನೆಯಲ್ಲಿ ಆ ಹಕ್ಕು ತಾನಾಗಿ ಬರುವುದಿಲ್ಲ. ಆದುದರಿಂದ ಹಣ ಹಾಕಿದವರೆಲ್ಲರ ಹೆಸರೂ ಪಾಲೂ ಕ್ರಯಪತ್ರದಲ್ಲಿ ಕಾಣಬೇಕು. ಕೊಳ್ಳುವ ಮುನ್ನ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಬೇಕು. ನಮೂನೆ 15ರಲ್ಲಿ ಹಿಂದಿನ ವ್ಯವಹಾರಗಳು ಕಾಣುವುವು, ಯಾವುದೂ ಇಲ್ಲದಿದ್ದರೆ ನಮೂನೆ 16 ಬರುವುದು. ಖಾತೆ ಮಾರುವವನ ಹೆಸರಿನಲ್ಲಿಯೇ ಇದೆಯೋ, ಕಂದಾಯ ಬಾಕಿಯುಂಟೋ ಎಂಬುದನ್ನು ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಬೇಕು. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಹೊರಗಿನವನು ಪಾಲು ಕೊಂಡು ವಿಭಾಗಕ್ಕೆ ದಾವೆ ಹೂಡಿದರೆ, ಅದನ್ನು ನ್ಯಾಯಾಲಯ ಗೊತ್ತುಮಾಡಿದ ಬೆಲೆಗೆ ಕುಟುಂಬದ ಪಾಲುದಾರರು ಕೊಳ್ಳಲು 1893ರ ವಿಭಾಗ ಕಾಯಿದೆಯು ಅವಕಾಶವೀಯುತ್ತದೆ. ಆದರೂ ಕೋರ್ಟಿನ ಮೆಟ್ಟಿಲಿಗಿಂತ ಮನೆಯ ಪಡಸಾಲೆಯೇ ಮೇಲು.

ಅದಕ್ಕಾಗಿ ನಾವು ಕೆಲವು ಕಟ್ಟಳೆಗಳನ್ನು ಬರೆದಿಟ್ಟೆವು. ರಿಪೇರಿಗೆಂದು ತಿಂಗಳು ತಿಂಗಳೂ ಎಲ್ಲರೂ ಸಮನಾಗಿ ಹಣ ಹಾಕುವುದು. ಲೆಕ್ಕವನ್ನು ವರುಷಕ್ಕೊಬ್ಬರು ಇಡುವುದು. ತೇರಿಗೂ ದೀಪಾವಳಿಗೂ ಮನೆ ಎಲ್ಲರದು, ಉಳಿದ ದಿನ ಮೊದಲು ತಿಳಿಸಿದವರದು. ಪಾಲು ಬೇಡವಾದವರು ಒಳಗಿನವರಿಗೇ ಮೊದಲು ಹೇಳುವುದು. ತಾಯಿ ಬಯಸಿದಷ್ಟು ಕಾಲ ಅಲ್ಲಿರುವುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಈ ಕಡೆಯ ಕಟ್ಟಳೆಯನ್ನು ಓದಿದಾಗ ತಾಯಿಯವರು ನಕ್ಕು, "ಹಾಗಾದರೆ ನೀರಿನ ತೊಟ್ಟಿಯನ್ನು ಮೊದಲು ಕಟ್ಟಿಸಿರಿ" ಎಂದರು. ಬಾವಿ ಬತ್ತುವ ಈ ಸೀಮೆಯಲ್ಲಿ ಅದಕ್ಕಿಂತ ಹಿರಿದಾದ ಬುದ್ಧಿವಾದವಿಲ್ಲ. ತೊಟ್ಟಿಯ ಕೆಲಸ ನಡೆದಿದೆ.