ಕೋಚ್ ಹೋಗ್ತಾರಂತೆ!

2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡೇ. ಮೊದಲ ಸೀಸನ್‌ನಿಂದ ಇದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಇರ್ತಾರೋ ಹೋಗ್ತಾರೋ ಎನ್ನುವುದೇ ಆಗ ಸವಣೂರು ಪೇಟೆಯ ಹೋಟೆಲಿನಲ್ಲಿ ಚಾ ಹೊತ್ತಿನ ಮಾತು. "ನಮ್ಮ ಬಿ.ಸಿ. ರಮೇಶ್ ಬರಬೇಕು ಮಾರಾಯ್ರೆ. 2019ರಲ್ಲಿ ಬೆಂಗಾಲಿಗೆ, 2024ರಲ್ಲಿ ಪುಣೇರಿಗೆ ಕಪ್ ತಂದುಕೊಟ್ಟವರು" ಅಂತ ನಾನೂ ವಾದಿಸಿದ್ದೆ. 2025ರಲ್ಲಿ ಅವರೇ ಬಂದರು. ಹೋಟೆಲಿನಲ್ಲಿ ನನ್ನ ಮಾತಿಗೆ ಬೆಲೆ ಏರಿತು.

ಅದೇ ಗತ್ತಿನಲ್ಲಿ ಇನ್ನೊಂದು ಸುದ್ದಿ ಬಿಟ್ಟೆ: ಹತ್ತಿರದ ಶಾಲೆಯ ಪಿ.ಟಿ. ಮಾಸ್ಟ್ರಿಗೆ ವರ್ಗಾವಣೆಯಂತೆ. ಯಾರೋ ಹೇಳಿದ್ದು. ಪತ್ರಿಕೆಗೆ ಬರೆಯುವುದಾದರೆ ಎರಡು ಕಡೆ ಫೋನ್ ಮಾಡಿ ಕೇಳುತ್ತಿದ್ದೆ. ಚಾ ಕುಡಿಯುವಾಗ ಆಡುವ ಮಾತಿಗೆ ಅದೆಲ್ಲ ಯಾಕೆ ಅಂದುಕೊಂಡೆ.

ವಾರದೊಳಗೆ ಮಾಸ್ಟ್ರ ಫೋನ್ ಬಂತು. ಬೈಯಲಿಲ್ಲ. ಹುಡುಗಿಯರ ತಂಡದ ಮೂವರು ಪ್ರಾಕ್ಟೀಸಿಗೆ ಬರುತ್ತಿಲ್ಲವಂತೆ. "ಸಂಜೆ ತಡವಾದರೆ ಮಾಸ್ಟ್ರು ಬಸ್ಸು ಹತ್ತಿಸ್ತಾರೆ ಅನ್ನುವ ಧೈರ್ಯದಲ್ಲಿ ಮನೆಯವರು ಕಳಿಸ್ತಿದ್ದದ್ದು. ನಾನು ಅರ್ಜಿಯೇ ಹಾಕಿಲ್ಲ ಮಾರಾಯ್ರೆ" ಎಂದರು. ಅಂಕಣಕ್ಕೆ ಏಳು ಜನ ಬೇಕು. ಅವರ ಹತ್ತಿರ ಉಳಿದದ್ದು ಆರು.

ಮೂರೂ ಮನೆಗೆ ಹೋಗಿ, ಸುದ್ದಿ ಹಬ್ಬಿಸಿದ್ದು ನಾನೇ, ಅದು ಸುಳ್ಳು ಎಂದು ಹೇಳಿ ಬಂದೆ. ಇಬ್ಬರು ಮರುದಿನವೇ ಪ್ರಾಕ್ಟೀಸಿಗೆ ಬಂದರು. ಮೂರನೆಯವಳ ಅಪ್ಪ ಇನ್ನೂ "ನೋಡುವ" ಅನ್ನುತ್ತಿದ್ದಾರೆ.